ಮದ್ದು ಹಾಕದ ಮೂಲೆಗದ್ದೆ

ಅಣ್ಣನಿಗೆ ತಮ್ಮನ ನಮಸ್ಕಾರ.

ಈ ಸಲ ಔಷಧಿ ಹೊಡೆಯುವಾಗ ಪೈಪ್ ಹಿಡಿಯಲು ನೀನು ಬರಬೇಕಾಗಿಲ್ಲ. ಭತ್ತಕ್ಕೆ ಬೆಂಕಿರೋಗ ತಗಲದಂತೆ ನಾಟಿಗೆ ಮೊದಲೇ ಸಸಿಯ ಟ್ರೇಗಳಿಗೆ ಮದ್ದು ಹಾಕಿದ್ದೇನೆ. "ಒಂದಾಳು ಉಳೀತಲ್ಲ!" ಎಂದು ಕೃಷಿ ಆಫೀಸಿನವರು ಬೆನ್ನು ತಟ್ಟಿದರು. ಅಂದು ನನಗೆ ಊಟ ಸೇರಲಿಲ್ಲ.

ಗದ್ದೆ ಪಾಲಾದ ಮೇಲೆ ನಾವು ಮಾತಾಡುತ್ತಿದ್ದುದು ವರ್ಷಕ್ಕೆ ಆ ಒಂದೇ ದಿನ. ನಾನು ಕೆಸರಿನಿಂದ "ಪೈಪ್ ಬಿಡಣ್ಣ" ಎನ್ನುತ್ತಿದ್ದೆ, ನೀನು ಬದುವಿನಿಂದ "ಸಾಕೇನೋ?" ಎನ್ನುತ್ತಿದ್ದೆ. ಈಗ ಅದಕ್ಕೂ ಕಲ್ಲು ಬಿತ್ತು.

ಆದರೆ ಅಮ್ಮ ಕೊನೆಯವರೆಗೂ ಕಳೆ ಕೀಳುತ್ತಿದ್ದ ಮೂಲೆಗದ್ದೆಯ ಟ್ರೇಗಳಿಗೆ ಮಾತ್ರ ಮದ್ದು ಹಾಕಿರಲಿಲ್ಲ. ಮರೆತೆ ಅಂದುಕೋ. ಈಗ ಅಲ್ಲಿ ಎಲೆಗಳ ಮೇಲೆ ಚುಕ್ಕೆ ಕಾಣಿಸಿದೆ.

ಔಷಧಿ ಹೊಡೆಯುವುದು ಹತ್ತು ನಿಮಿಷದ ಕೆಲಸ. ಆದರೂ ಬೆಳಿಗ್ಗೆಯೇ ಬಾ.

ಇಂತಿ,
ನಿನ್ನ ತಮ್ಮ