ಹೊಸ ಮಾತ್ರೆ ನನಗೆ ಬರಲಿಲ್ಲ

ಧನು,

ನೀನು ಮಲಗಿದ್ದೆ, ಎಬ್ಬಿಸಲಿಲ್ಲ. ಅಪ್ಪನ ಜೊತೆ ಬೆಂಗಳೂರಿನ ಆಸ್ಪತ್ರೆಗೆ ಹೋಗ್ತಿದೀನಿ.

ರೇಷ್ಮೆಹುಳಕ್ಕೆ ಎಂಟಕ್ಕೆ ಸೊಪ್ಪು ಹಾಕು. ಪೌಡರ್ ಬಳ್ಕೊಂಡು ಹುಳದ ಮನೆಗೆ ಹೋಗಬೇಡ, ಆ ವಾಸನೆ ಹುಳಕ್ಕೆ ಆಗಲ್ಲ ಅಂತ ಎಷ್ಟು ಸಲ ಹೇಳೋದು!

ಹೊಸ ಮಾತ್ರೆ ನನಗೆ ಬರಲಿಲ್ಲ ಕಣಮ್ಮ, ಹಳೇ ಕೀಮೋನೇ. ಅಂಡಾಶಯದ ಕ್ಯಾನ್ಸರ್ ಮತ್ತೆ ಬಂದೋರಲ್ಲಿ ಯಾರಿಗೆ ಯಾವುದು ಅಂತ ಚೀಟಿ ಎತ್ತಿದ ಹಾಗೆ ಕಂಪ್ಯೂಟರೇ ಆರಿಸುತ್ತಂತೆ. ಯಾವುದು ಮೇಲು ಅಂತ ಡಾಕ್ಟರಿಗೂ ಗೊತ್ತಿಲ್ಲ, ಅದಕ್ಕೇ ಎರಡನ್ನೂ ಕೊಟ್ಟು ನೋಡೋ ಈ ಪರೀಕ್ಷೆ. ಗುಡೀಲಿ ಗಂಗಮ್ಮ ಬಲಗಡೆ ಹೂ ಕೊಟ್ಟಳು, ಅಮ್ಮಂಗೆ ಮಾತ್ರೇನೇ ಅಂತ ನೀನು ಬೀದಿಗೆಲ್ಲ ಹೇಳ್ಕೊಂಡು ಬಂದೆ. ಈಗ ಆ ತಾಯಿನ ಬೈಬೇಡ.

ಹೋದ ಸಲ ಸೊಪ್ಪಿನ ತಟ್ಟೆಗೆ ಉದುರಿದ ನನ್ನ ಕೂದಲನ್ನ ನೀನು ಕದ್ದು ಆರಿಸ್ತಿದ್ದೆ, ನೋಡಿದೀನಿ. ಈ ಸಲ ಮೊದಲೇ ಕತ್ತರಿಸಿಬಿಟ್ಟೆ. ಟ್ರಂಕಲ್ಲಿದೆ, ಚೌರಿ ಮಾಡಿಸ್ಕೊ. ಮದುವೆ ದಿನ ನಿನ್ನ ಜಡೆಗೆ ಅದನ್ನ ಸೇರಿಸಿ ಹೆಣೆಯೋಕೆ ಮಂಗಮ್ಮತ್ತೆಗೆ ಹೇಳಿದೀನಿ.

ಅಮ್ಮ