ನಿನ್ನಪ್ಪ ಮನೆಗೆ ಬಂದ ವರ್ಷ

ನಾಲಿಕೆಂಗೊ ದಿಬ್ಬ,
ಮೊಂಗು ಜಿಲ್ಲೆ.
ಭಾನುವಾರ, ೧೭ ಜೂನ್ ೨೦೧೮

ನನ್ನ ಮಗಳು ನಲಿಶೆಬೊಗೆ,

ನಿನ್ನಮ್ಮನ ಮುದ್ದು, ಆಶೀರ್ವಾದ ಎರಡೂ. ಕಳೆದ ವಾರ ನೀನು ಫೋನಿನಲ್ಲಿ ಕೇಳಿದ ಎರಡು ಪ್ರಶ್ನೆಗಳಿಗೂ ನಾನು ಆಮೇಲೆ ಹೇಳುತ್ತೇನೆಂದು ಜಾರಿಕೊಂಡೆ. ಬೇಸರ ಮಾಡಿಕೊಳ್ಳಬೇಡ. ಇಲ್ಲಿ ಸಿಗ್ನಲ್ ಸಿಗುವುದು ಶಾಲೆಯ ಹಿಂದಿನ ಹುತ್ತದ ಮೇಲೆ ನಿಂತಾಗ ಮಾತ್ರ ಎಂದು ನಿನಗೇ ಗೊತ್ತು. ಅಂದು ನನ್ನ ಬೆನ್ನ ಹಿಂದೆ ಜನ ಸಾಲಾಗಿ ನಿಂತು ತಮ್ಮ ಸರದಿಗೆ ಕಾಯುತ್ತಿದ್ದರು. ಗಂಡ ನನ್ನನ್ನು ಬಿಟ್ಟು ಹೋದರೋ ಇಲ್ಲವೋ ಎಂಬುದನ್ನು ಹುತ್ತದ ಮೇಲಿಂದ ಕೂಗಿ ಹೇಳುವುದು ನನ್ನಿಂದಾಗಲಿಲ್ಲ.

ನಿನ್ನ ಸೋದರತ್ತೆ ಬುಪೆ ನಿನಗೆ ಹೇಳಿದ್ದು ಪೂರ್ತಿ ಸುಳ್ಳಲ್ಲ. ಮಾರ್ಚಿನಲ್ಲಿ ನಿನ್ನಪ್ಪ ಹೋದದ್ದು ನಿಜ. ನಿನ್ನ ಎರಡನೆಯ ಪ್ರಶ್ನೆ, ಕಂಪಾಲಾದಲ್ಲಿ ಸಿಕ್ಕಿರುವ ಎರಡು ವರ್ಷದ ಓದಿಗೆ ಹೋಗಲೇ, ಇಲ್ಲಾ ಚೂಲ್ವೆಯನ್ನು ಮದುವೆಯಾಗಿ ಲಿವಿಂಗ್‌ಸ್ಟನ್‌ನಲ್ಲೇ ಉಳಿಯಲೇ ಎಂಬುದು, ಇದಕ್ಕೇ ಅಂಟಿಕೊಂಡಿದೆ. ಆದ್ದರಿಂದ ನಡೆದದ್ದನ್ನೆಲ್ಲ ಬರೆಯುತ್ತೇನೆ. ನಿಧಾನವಾಗಿ ಓದು.

ನಾನೂ ನಿನ್ನಪ್ಪನೂ ಕಬ್ವೆಯ ಶಿಕ್ಷಕರ ಕಾಲೇಜಿನಲ್ಲಿ ಕೂಡಿದವರು. ಅವರು ಬೆಂಬಾ, ನಾನು ಲೋಜಿ. ಅವರ ಮಾತು ನನಗೆ ಬಾರದು, ನನ್ನದು ಅವರಿಗೆ ಬಾರದು. ಇಂಗ್ಲಿಷಿನಲ್ಲೇ ಒಲಿದೆವು, ಇಂಗ್ಲಿಷಿನಲ್ಲೇ ಮದುವೆಯ ಮಾತಾಡಿಕೊಂಡೆವು. ಸರ್ಕಾರ ಅವರನ್ನು ಕಸಾಮಾ ಕಡೆಗೆ ಹಾಕಿತು, ನನ್ನನ್ನು ಈ ನೆರೆ ಬಯಲಿನ ದಿಬ್ಬಕ್ಕೆ. ದೇಶದ ಆ ತುದಿಗೊಬ್ಬರು, ಈ ತುದಿಗೊಬ್ಬರು. ಎರಡು ವರ್ಷ ತಾನೆ, ವರ್ಗ ಸಿಗುತ್ತದೆ ಅಂದುಕೊಂಡೆವು. ಪ್ರತಿ ವರ್ಷ ವರ್ಗಾವಣೆಯ ಅರ್ಜಿ ಬರೆಯಲು ಕೂರುತ್ತಿದ್ದೆ. ಪ್ರತಿ ವರ್ಷವೂ ಯಾವುದಾದರೊಂದು ಮಗು ಏಳನೆಯ ತರಗತಿಯ ಹೊಸ್ತಿಲಲ್ಲಿ ನಿಂತಿರುತ್ತಿತ್ತು. ಮುಟುಂಬಾಳ ನೆನಪಿದೆಯಲ್ಲ? ಅವಳನ್ನು ದೊಡ್ಡಪ್ಪನ ದನ ನೋಡಿಕೊಳ್ಳಲು ಕಳಿಸಿಬಿಡುತ್ತೇನೆಂದು ಅವಳಪ್ಪ ಹಟ ಹಿಡಿದಿದ್ದ. ಆ ವರ್ಷ ನಾನು ಹೋಗಿಬಿಟ್ಟಿದ್ದರೆ ಇವತ್ತು ಮೊಂಗು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಅವಳು ನರ್ಸಾಗಿ ಇರುತ್ತಿರಲಿಲ್ಲ. ನಿನ್ನಪ್ಪನಿಗೂ ಅಲ್ಲಿ ಇಂಥವೇ ಕಾರಣಗಳು. ಮರದಡಿಯ ಶಾಲೆಯನ್ನು ಹನ್ನೆರಡನೆಯ ತರಗತಿಯವರೆಗೆ ಬೆಳೆಸಿ ಹೆಡ್‌ಮಾಸ್ಟರಾದರು. ರಜೆಗೆ ಬರುತ್ತಿದ್ದರು, ಹೋಗುತ್ತಿದ್ದರು. ನೀನು ಮನೆಯಲ್ಲಿದ್ದಾಗ ನೀನೇ ನಮ್ಮಿಬ್ಬರ ದುಭಾಷಿ. ರಜೆಗಳಲ್ಲಿ ಅಪ್ಪನಿಂದ ಬೆಂಬಾ ಕಲಿತು ಇಬ್ಬರ ಮಾತೂ ಬಲ್ಲವಳು ನೀನೊಬ್ಬಳೇ. ಇಪ್ಪತ್ತೇಳು ವರ್ಷ ಹೀಗೇ ಕಳೆಯಿತು.

ಡಿಸೆಂಬರಿನಲ್ಲಿ ಅವರು ನಿವೃತ್ತರಾದರು. ಕಸಾಮಾದಲ್ಲಿ ಹೊಸ ಮನೆ ಕಟ್ಟಿಸಿದ್ದರೂ ಅದಕ್ಕೆ ಬೀಗ ಹಾಕಿ, ಇನ್ನು ನಿನ್ನ ಜೊತೆಗೇ ಇರುತ್ತೇನೆಂದು ಜನವರಿಯಲ್ಲಿ ಇಲ್ಲಿಗೆ ಬಂದರು. ನಾನು ಗೋಡೆಗೆ ಹೊಸ ಮಣ್ಣು ಬಳಿದು, ಹೊಸ ಚಾಪೆ ನೇಯಿಸಿ ಕಾದಿದ್ದೆ. ಮುದುಕ ಸಿಟ್ವಾಲಾನ ದೋಣಿಯಲ್ಲಿ ಎರಡು ಪೆಟ್ಟಿಗೆ ಪುಸ್ತಕಗಳ ನಡುವೆ ಕೋಟು ಹಾಕಿಕೊಂಡು ಕುಳಿತು ಬಂದರು. ಸಿಟ್ವಾಲಾನ ಬಾಯಿ ನಿನಗೆ ಗೊತ್ತಿಲ್ಲವೇ? ದಡದಲ್ಲಿ ನಿಂತಿದ್ದ ಹೆಂಗಸರಿಗೆಲ್ಲ ಕೇಳುವಂತೆ ಕೂಗಿದ.

"ಟೀಚರಮ್ಮಾ, ನಿಮ್ ಸಾಮಾನು ಬಂತು! ಎರಡು ಪೆಟ್ಟಿಗೆ, ಒಬ್ಬ ಗಂಡ. ಎಣಿಸಿ ಇಳಿಸ್ಕೊಳ್ಳಿ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನು ಏನೆಂದ ಎಂದು ನಿನ್ನಪ್ಪ ಕೇಳಿದರು. ಏನಿಲ್ಲ, ಸ್ವಾಗತ ಹೇಳಿದ ಅಂದೆ.

ಅವತ್ತಿನಿಂದಲೇ ಅವರ ಸುತ್ತ ಎಲ್ಲರೂ ನಗುತ್ತಿದ್ದರು, ಯಾಕೆಂದು ಅವರಿಗೆ ಗೊತ್ತಾಗುತ್ತಿರಲಿಲ್ಲ. ಕಂಡರೆ ಸಾವಿರ ಮಕ್ಕಳು ಎದ್ದು ನಿಲ್ಲುತ್ತಿದ್ದಂಥ ಮನುಷ್ಯ. ಇಲ್ಲಿ ಮೀನು ಒಣಗಿಸುವ ಹೆಂಗಸರ ಪಕ್ಕ ಕೋಟು ಹಾಕಿಕೊಂಡು ಸುಮ್ಮನೆ ನಿಂತಿರುತ್ತಿದ್ದರು. ಮನೆಯೊಳಗೂ ಅಷ್ಟೇ. ಅವರಿಗೆ ರೇಡಿಯೋ ಜೋರಾಗಿ ಬೇಕು, ನನಗೆ ಸದ್ದಿಲ್ಲದ ಮನೆ ರೂಢಿ. ಮೊದಲ ರಾತ್ರಿಯ ಊಟವನ್ನು ನಾನು ಮರೆಯಲಾರೆ. ಬುಹೋಬೆ ಮುದ್ದೆ, ಮೀನು, ಮೊಸರು ಎಲ್ಲ ಇಟ್ಟೆ. ಅವರು ತಟ್ಟೆ ಎತ್ತಿಕೊಂಡು ಹೋಗಿ ಗೋಡೆಯ ಕಡೆ ಮುಖ ಮಾಡಿ ಕುಳಿತು ಉಂಡರು. ನನ್ನ ಮೇಲೆ ಸಿಟ್ಟಲ್ಲ. ಅಷ್ಟು ವರ್ಷ ಒಬ್ಬರೇ ಹಾಗೆ ಉಂಡು ಉಂಡು ಅವರಿಗೆ ಬೇರೆ ರೀತಿ ತಿಳಿಯದು. ಅವರನ್ನು ನೋಡುತ್ತ ನಿಂತಿದ್ದ ನನಗೆ ಸ್ವಲ್ಪ ಹೊತ್ತಾದ ಮೇಲೆ ಗೊತ್ತಾಯಿತು, ನಾನೂ ಒಲೆಯ ಪಕ್ಕ ನಿಂತುಕೊಂಡೇ ಉಣ್ಣುತ್ತಿದ್ದೆ.

ಮುಂಚೆ ಒಂಟಿತನವಿರಲಿಲ್ಲವೇ ಎನ್ನುತ್ತೀಯ. ಇತ್ತು. ಆದರೆ ಅದರಲ್ಲಿ ಕಾಯುವುದೊಂದು ಕೆಲಸವಿತ್ತು. ಆಗಸ್ಟು ಬರಲಿ, ಡಿಸೆಂಬರು ಬರಲಿ ಅನ್ನುತ್ತಿದ್ದೆ. ಈಗ ಕಾಯುತ್ತಿದ್ದವರು ಎದುರಿಗೇ ಇದ್ದರು, ಮಾತಿರಲಿಲ್ಲ. ಇಂಗ್ಲಿಷಿನಲ್ಲಿ ಪಾಠ ಹೇಳಬಹುದು, ವರದಿ ಬರೆಯಬಹುದು. ಮುನಿಸಿಕೊಂಡು ಮತ್ತೆ ರಾಜಿಯಾಗುವುದು ಆ ಭಾಷೆಯಲ್ಲಿ ನಮ್ಮಿಬ್ಬರಿಗೂ ಬರುವುದಿಲ್ಲ. ಪಕ್ಕದ ಮನೆಯ ಮಾ ಲಿಸೆಹೊ ಒಂದು ದಿನ ಬಾವಿಯ ಬಳಿ ಎಲ್ಲರೆದುರೇ ಕೇಳಿಬಿಟ್ಟಳು.

"ಏನೇ ಇದು, ಗಂಡ ಬಂದ್ಮೇಲೆ ಹೆಣ್ಣು ದಪ್ಪ ಆಗ್ತಾಳೆ, ನೀನು ಒಣಗ್ತಾ ಇದ್ದೀಯಲ್ಲ! ಆ ಮನೇಲಿ ಇಬ್ರು ಇದ್ದೀರೋ, ಒಬ್ಬೊಬ್ರೇ ಎರಡು ಸಲ ಇದ್ದೀರೋ?"

ಫೆಬ್ರವರಿಯಲ್ಲಿ ನೀರೇರಿ ದಿಬ್ಬ ದ್ವೀಪವಾಯಿತು. ಮಕ್ಕಳು ದೋಣಿಯಲ್ಲಿ ಬರತೊಡಗಿದರು. ಒಂದು ಬೆಳಿಗ್ಗೆ ನಾನು ಎರಡನೆಯ ತರಗತಿಗೆ ಲೋಜಿಯಲ್ಲಿ ಪಾಠ ಮಾಡುತ್ತಿದ್ದಾಗ ನಿನ್ನಪ್ಪ ಒಳಗೆ ಬಂದರು. ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಹಲಗೆಯ ಮೇಲೆ ನಾನು ಬರೆದದ್ದನ್ನು ಒರೆಸಿ ಇಂಗ್ಲಿಷಿನಲ್ಲಿ ಬರೆದರು. ಈಗಿನಿಂದಲೇ ಕಲಿಸದಿದ್ದರೆ ಈ ಮಕ್ಕಳು ಮುಂದೆ ಹೋಗುವುದಿಲ್ಲ ಎಂದರು. ಮಕ್ಕಳು ನನ್ನ ಮುಖ ನೋಡಿದವು. ಇದು ನನ್ನ ಶಾಲೆ ಎಂದೆ. ಅಷ್ಟೇ ಹೇಳಿದ್ದು.

ಸಂಜೆ ಅವರು, "ಹಾಗಾದ್ರೆ ಇಲ್ಲಿ ನಾನು ಏನು, ನೊಸಿಕು?" ಎಂದು ಕೇಳಿದರು. ಉತ್ತರ ಹುಡುಕುತ್ತಿದ್ದೆ ಮಗಳೇ, ಇಂಗ್ಲಿಷಿನಲ್ಲಿ ಹುಡುಕುತ್ತಿದ್ದೆ, ಸಿಗಲಿಲ್ಲ. ಮಾರ್ಚ್ ಮೊದಲ ವಾರ ಕಸಾಮಾದ ಮನೆ ನೋಡಿಕೊಂಡು ಬರುತ್ತೇನೆಂದು ಒಂದೇ ಚೀಲ ಹಿಡಿದು ದೋಣಿ ಹತ್ತಿದರು. ನೀರಿನ ನಡುವೆ ಅವರ ಬೆನ್ನು ಕಾಣುವಷ್ಟು ಹೊತ್ತು ನಿಂತಿದ್ದೆ. ಅವರು ತಿರುಗಿ ನೋಡಲಿಲ್ಲ.

ಆ ತಿಂಗಳು ಹೇಗೆ ಕಳೆಯಿತೆಂದು ಬರೆಯಲಾರೆ. ನಾಲ್ಕು ಕಡೆಯೂ ನೀರು. ರೇಡಿಯೋ ಬಿಟ್ಟು ಹೋಗಿದ್ದರು. ಬೇಡವೆನಿಸುತ್ತಿದ್ದ ಅದೇ ರೇಡಿಯೋವನ್ನು ನಾನೇ ಹಚ್ಚಿ, ಅವರ ಬೆಂಬಾ ವಾರ್ತೆಯನ್ನು ಒಂದಕ್ಷರ ತಿಳಿಯದೆ ಕೇಳುತ್ತಿದ್ದೆ.

ಏಪ್ರಿಲ್ ರಜೆ ಬಂದ ಕೂಡಲೇ ಹೊರಟೆ. ಮೊಂಗುವಿನಿಂದ ಲುಸಾಕಾಗೆ, ಅಲ್ಲಿಂದ ಕಸಾಮಾಗೆ, ಬಸ್ಸಿನಲ್ಲಿ ಸೊಂಟ ಬಿದ್ದೇ ಹೋಯಿತು. ಬುಪೆ ಬಾಗಿಲಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ನನಗೆ ತಿಳಿಯಲೆಂದು ಇಂಗ್ಲಿಷಿನಲ್ಲೇ ಹಂಗಿಸಿದಳು.

"ಓಹೋ, ದಾರಿ ಗೊತ್ತಿತ್ತಾ ನಿಂಗೆ? ಇಷ್ಟು ವರ್ಷ ಗೊತ್ತಿಲ್ಲವೇನೋ ಅನ್ಕೊಂಡಿದ್ದೆ. ನನ್ ಅಣ್ಣ ಅಲ್ಲಿ ಮೀನಿನ ಮುಳ್ಳು ನುಂಗಿದವನ ಥರ ಆಗಿ ಬಂದಿದ್ದಾನೆ."

ಮನೆ ದೊಡ್ಡದು. ನಾಲ್ಕು ಕೋಣೆಗಳಲ್ಲಿ ಮೂರಕ್ಕೆ ಬೀಗ. ನಿನ್ನಪ್ಪ ಒಂದೇ ಕೋಣೆಯಲ್ಲಿದ್ದರು. ನನ್ನನ್ನು ನೋಡಿ ಎದ್ದು ನಿಂತರು, ಬಸ್ಸು ಹೇಗಿತ್ತು ಎಂದು ಕೇಳಿದರು. ಚೆನ್ನಾಗಿತ್ತು ಅಂದೆ. ಎರಡು ದಿನ ಹಾಗೇ, ನೆಂಟರ ಹಾಗೆ ಇದ್ದೆವು.

ಮೂರನೆಯ ದಿನ ನೆಲಗಡಲೆ ತರೋಣವೆಂದು ಇಬ್ಬರೂ ಸಂತೆಗೆ ಹೋದೆವು. ಕಿವಿಗೆ ಬಿದ್ದಿದ್ದ ನಾಲ್ಕು ಬೆಂಬಾ ಮಾತಿನಲ್ಲಿ ವ್ಯಾಪಾರ ಮಾಡಲು ಹೋದೆ. ಕಡಲೆ ಮಾರುವವಳು ಪಕ್ಕದವಳ ತೊಡೆ ತಟ್ಟಿ ನಕ್ಕಳು. ನಾನು ನಾಚಿ ಬಾಯಿ ಮುಚ್ಚಿದೆ. ಅವಳು ನಿನ್ನಪ್ಪನ ಕಡೆ ತಿರುಗಿ ಏನೋ ಕೇಳಿದಳು. ಅವರ ಮುಖ ಬಾಡಿತು. ಕಡಲೆ ಕೊಳ್ಳದೆಯೇ ಹೊರಟುಬಿಟ್ಟರು. ಏನು ಕೇಳಿದಳೆಂದು ನಾನು ದಾರಿಯುದ್ದ ಕಾಡಿದ ಮೇಲೆ ಹೇಳಿದರು.

"'ಹೆಡ್‌ಮಾಸ್ಟ್ರೇ, ನಿಮ್ ಹೆಂಡ್ತಿಗೆ ಹುಟ್ಟಿನಿಂದ್ಲೇ ಮಾತು ಬರಲ್ವಾ, ಪಾಪ' ಅಂತ ಕೇಳಿದ್ಳು."

ಸ್ವಲ್ಪ ದೂರ ನಡೆದ ಮೇಲೆ ರಸ್ತೆಯ ಮಧ್ಯದಲ್ಲೇ ನಿಂತರು. "ಅಲ್ಲಿ ನಾನೂ ಹೀಗೇ ಇದ್ದೆ ಅಲ್ವಾ? ಜನ ನನ್ ಬಗ್ಗೆ ಏನಂತಿದ್ರು? ನಿಜ ಹೇಳು" ಎಂದರು. ದೋಣಿಯ ಸಿಟ್ವಾಲಾ ಅಂದದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಬಾವಿಯ ಬಳಿಯ ಮಾತನ್ನೂ ಹೇಳಿದೆ. ಕೋಪ ಬರುತ್ತದೇನೋ ಅಂದುಕೊಂಡಿದ್ದೆ. ಅವರು ಕೈಯಲ್ಲಿದ್ದ ಖಾಲಿ ಚೀಲವನ್ನು ಮಡಚಿಕೊಂಡು, "ಇಷ್ಟು ವರ್ಷ ಎಷ್ಟೋ ಮಕ್ಕಳಿಗೆ ಎಷ್ಟೋ ಕಲಿಸಿದೆ. ನಿನ್ನ ಮಾತು ಕಲೀಬೇಕು ಅಂತ ನನಗೆ ಹೊಳೀಲೇ ಇಲ್ಲ" ಅಂದರು. ನನಗೂ ಅವರದು ಹೊಳೆದಿರಲಿಲ್ಲ, ನಲಿಶೆಬೊ. ನಾವಿಬ್ಬರೂ ಮೇಷ್ಟ್ರುಗಳು.

ಆದರೂ ಅವರು ನನ್ನ ಜೊತೆ ಹೊರಡಲಿಲ್ಲ. ಯೋಚಿಸಬೇಕು ಎಂದರು. ಶಾಲೆ ತೆರೆಯುವ ಹೊತ್ತಿಗೆ ನಾನು ಒಬ್ಬಳೇ ವಾಪಸಾದೆ. ಬುಪೆ ನಿನಗೆ ಫೋನು ಮಾಡಿದ್ದು ಆಗಲೇ ಇರಬೇಕು. ನಾನೂ ಅವಳಂತೆಯೇ, ಮುಗಿಯಿತು ಅಂದುಕೊಂಡಿದ್ದೆ. ಅವರ ಪುಸ್ತಕದ ಪೆಟ್ಟಿಗೆಗಳನ್ನು ಗೆದ್ದಲು ಹತ್ತದಂತೆ ಕಲ್ಲಿನ ಮೇಲೆತ್ತಿ ಇಟ್ಟೆ. ಅಷ್ಟೇ ನನ್ನಿಂದ ಆದದ್ದು.

ಮೇ ಕೊನೆಯಲ್ಲಿ ಒಂದು ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಒಂದನೆಯ ತರಗತಿಗೆ ಹೋದರೆ, ಹಿಂದಿನ ಬೆಂಚಿನಲ್ಲಿ ನಿನ್ನಪ್ಪ ಮೊಣಕಾಲು ಗದ್ದಕ್ಕೆ ತಾಗುವಂತೆ ಮುದುರಿ ಕುಳಿತಿದ್ದಾರೆ. ದೋಣಿಯಿಂದಿಳಿದು ಮನೆಗೂ ಹೋಗಿರಲಿಲ್ಲ. ಕೋಟು ಇರಲಿಲ್ಲ. ಏನಿದು ಎಂದು ಕೇಳಿದೆ.

"ಸೇರ್ಸ್ಕೊಳ್ತೀರಾ ಟೀಚರ್? ವಯಸ್ಸು ಸ್ವಲ್ಪ ಜಾಸ್ತಿಯಾಗಿದೆ" ಎಂದರು.

ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಈ ತಾತ ಎಷ್ಟ್ ಸಲ ಫೇಲಾಗಿದ್ದಾರೆ?" ಎಂದು ಕೇಳಿದಳು. ನಾನು ಹಲಗೆಯ ಕಡೆ ತಿರುಗಿಕೊಂಡುಬಿಟ್ಟೆ.

ಅಂದಿನಿಂದ ದಿನಾ ಬರುತ್ತಾರೆ. ಮಕ್ಕಳು ಅವರನ್ನು ಬಿಡುವುದಿಲ್ಲ. ಲೋಜಿಯ ಉಚ್ಚಾರ ತಪ್ಪಿದರೆ ಹಿಂದೆ ತಿರುಗಿ ಗದರುತ್ತವೆ, "ಹಂಗಲ್ಲ ತಾತಾ, ನಾಲಿಗೆ ಮೇಲೆತ್ತು!" ಮಧ್ಯಾಹ್ನ ಅವರು ಏಳನೆಯವರಿಗೆ ಲೆಕ್ಕ ಹೇಳಿಕೊಡುತ್ತಾರೆ, ನಾನೇ ಕೇಳಿಕೊಂಡದ್ದು. ಸಿಟ್ವಾಲಾ ಈಗ ಅವರಿಗೆ ಬೈಗುಳ ಕಲಿಸುತ್ತಿದ್ದಾನೆ.

ಹೋದ ಮಂಗಳವಾರ ಊಟಕ್ಕೆ ಕುಳಿತಾಗ ಮೊದಲ ಸಲ ಮನೆಯೊಳಗೆ ಲೋಜಿಯಲ್ಲಿ ಒಂದು ಪೂರ್ತಿ ವಾಕ್ಯ ಹೇಳಿದರು. ಮೀನು ಚೆನ್ನಾಗಿದೆ, ತಿಂದೆ ಎನ್ನಲು ಹೊರಟು, "ಮೀನು ನನ್ನನ್ನು ತಿಂದಿತು, ತುಂಬಾ ರುಚಿಯಾಗಿತ್ತು" ಎಂದರು. ನಾನು ನಕ್ಕ ನಗುವಿಗೆ ಮಾ ಲಿಸೆಹೊ ಏನಾಯಿತೋ ಎಂದು ಓಡಿ ಬಂದಳು. ಅವರೂ ನಕ್ಕರು, ತಪ್ಪೇನೆಂದು ತಿಳಿಯದೆಯೇ. ನಗು ನಿಂತ ಮೇಲೆ ನಾನು ಹಿತ್ತಲಿಗೆ ಹೋಗಿ ಕತ್ತಲೆಯಲ್ಲಿ ಅತ್ತೆ. ನನ್ನ ಭಾಷೆಯಲ್ಲಿ ನನ್ನ ಗಂಡನ ಜೊತೆ ನಾನು ನಕ್ಕದ್ದು ಅದೇ ಮೊದಲು. ನನಗೀಗ ಐವತ್ತೆರಡು.

ಎಲ್ಲ ಸರಿಹೋಯಿತೆಂದು ತಿಳಿಯಬೇಡ. ಈಗಲೂ ಎಷ್ಟೋ ಸಂಜೆ ಮಾತಿಲ್ಲದೆ ಮುಗಿಯುತ್ತದೆ. ಅವರು ತಟ್ಟೆಯನ್ನು ಗೋಡೆಯ ಕಡೆ ಒಯ್ದು, ಅರ್ಧ ದಾರಿಯಲ್ಲಿ ನೆನಪಾಗಿ ತಿರುಗಿ ಬರುತ್ತಾರೆ. ಒಂದೊಂದು ಸಲ ನೆನಪಾಗುವುದಿಲ್ಲ. ಕಳೆದ ವರ್ಷಗಳನ್ನು ಯಾರೂ ವಾಪಸು ಕೊಡುವುದಿಲ್ಲ. ಮುಟುಂಬಾ ಹೆರಿಗೆ ಮಾಡಿಸಿದ ಕೂಸುಗಳನ್ನು ನೋಡಿದಾಗ ಆ ವರ್ಷಗಳು ದಂಡವಾದವೆನ್ನಲೂ ನನಗೆ ಬಾಯಿ ಬರುವುದಿಲ್ಲ. ಎರಡೂ ನಿಜ. ಒಂದರಿಂದ ಇನ್ನೊಂದನ್ನು ಕಳೆದು ಉಳಿದದ್ದೆಷ್ಟು ಎಂದು ನೋಡಲು ನನಗೆ ಬರುವುದಿಲ್ಲ.

ಕಂಪಾಲಾದ ವಿಷಯ ನಿನ್ನಪ್ಪನ ಜೊತೆ ಮಾತಾಡಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಬೇಡ ಅಂತ ಬರಿ. ಓದಿದ್ದು ಸಾಕು. ಮದುವೆಯಾಗಿ ಅವನ ಜೊತೆ ಇರ್ಲಿ. ನನ್ ಮಗಳು ಗೋಡೆ ನೋಡ್ಕೊಂಡು ಉಣ್ಣೋದು ಬೇಡ." ತಂದೆಯ ಮಾತು, ತಳ್ಳಿಹಾಕಬೇಡ. ಚೂಲ್ವೆ ಒಳ್ಳೆಯವನು. ಯೋಚಿಸಿ ನಿರ್ಧಾರ ಮಾಡು.

ಈ ಕಾಗದ ಬರೆಯುತ್ತಿರುವಾಗ ಎದುರಿಗೇ ಕುಳಿತು ಪೆನ್ಸಿಲ್ ಚೂಪು ಮಾಡಿಕೊಳ್ಳುತ್ತಿದ್ದಾರೆ. ಅವರ ಆಶೀರ್ವಾದವೂ ನಿನಗೆ. ಜೂನಿನ ಚಳಿ ಶುರುವಾಗಿದೆ, ಬೆಚ್ಚಗೆ ಹೊದ್ದುಕೋ.

ಸದಾ ನಿನ್ನ ನೆನೆಯುವ,
ನಿನ್ನಮ್ಮ ನೊಸಿಕು

ತಾ.ಕ.: ಮೇಲೆ ಬರೆದ ಬುದ್ಧಿವಾದ ನಿನ್ನಪ್ಪನದು. ನನ್ನದು ಇದು: ಹೋಗು. ನೀನು ಬಯಲಿನ ಮೀನಿನ ರೋಗಗಳ ಬಗ್ಗೆ ಓದಿ ಬರದಿದ್ದರೆ ಇನ್ಯಾರು ಓದುತ್ತಾರೆ? ಆದರೆ ಹೊರಡುವ ಮುಂಚೆ ಚೂಲ್ವೆಗೆ ನಮ್ಮ ಮಾತು ಕಲಿಸಲು ಶುರುಮಾಡು, ಅವನ ಟೋಂಗಾ ಮಾತನ್ನು ನೀನು ಕಲಿ, ಫೋನಿನಲ್ಲಿ ದಿನಾ ಅದರಲ್ಲೇ ಜಗಳವಾಡಿ. ಅವನು ಒಪ್ಪಿದರೆ ಎರಡು ವರ್ಷ ದೊಡ್ಡದಲ್ಲ. ಒಪ್ಪದಿದ್ದರೆ ಲಿವಿಂಗ್‌ಸ್ಟನ್‌ನ ಒಂದೇ ಮನೆಯೊಳಗೂ ನೀನು ಒಂಟಿಯೇ. ನಿನ್ನಪ್ಪನಿಗೆ ತಿಳಿಯಬಾರದೆಂದೇ ಇದಿಷ್ಟನ್ನು ಮಾತ್ರ, ಮೇಲಿನದರಂತೆ ಇಂಗ್ಲಿಷಿನಲ್ಲಿ ಬರೆಯದೆ, ಲೋಜಿಯಲ್ಲಿ ಬರೆದಿದ್ದೇನೆ. ಅವರಿನ್ನೂ ಒಂದನೆಯ ತರಗತಿಯ ಪುಸ್ತಕದ ಅರ್ಧದಲ್ಲಿದ್ದಾರೆ. ಆದರೆ ಬೇಗ ಕಲಿಯುತ್ತಿದ್ದಾರೆ. ಈಗ ತಾನೆ ಬಗ್ಗಿ ನೋಡಿ ಈ ಸಾಲುಗಳಲ್ಲಿನ 'ಮೀನು' ಎಂಬ ಪದವನ್ನು ಗುರುತು ಹಿಡಿದು ಓದಿದರು. ಬೇಗ ಟಿಕೆಟ್ ತೆಗೆಸು.