ಮೆಟ್ಟಿಲ ತುದಿಯಲ್ಲಿ ನಿನ್ನ ಬೂಟು

ಅಪ್ಪಾ,

ರಾತ್ರಿ ಎರಡೂವರೆಗೆ ಗುಂಯ್ ಅನ್ನುವ ಸದ್ದಿಗೆ ಎಚ್ಚರವಾಯಿತು. ಪರೀಕ್ಷೆಗೆಂದು ಕಂಪನಿಯವರು ನಿನಗೆ ಕೊಟ್ಟಿದ್ದ, ತಾನೇ ಕಾಲೆತ್ತಿ ನಡೆಸುವ ಬೂಟಿನ ಮೋಟಾರು ಅದು. ಎದ್ದು ಹೋಗಿ ನೋಡಿದರೆ ನಿನ್ನ ಮೊಮ್ಮಗಳು ಅದರೊಳಗೆ ಕಾಲಿಟ್ಟು, ಎಡಗಾಲು ಎಳೆಯುತ್ತಾ, ಥೇಟ್ ನಿನ್ನ ಹಾಗೆ ನಡೆಯುತ್ತಿದ್ದಳು. ನಿನ್ನ ನಡಿಗೆ ಅದರಲ್ಲಿ ಉಳಿದಿದೆಯೆಂದು ನಾನೇ ದಿನವೂ ಚಾರ್ಜ್ ಮಾಡಿಡುತ್ತಿದ್ದೆ. ನೀನು ಬಿದ್ದು ತೀರಿಕೊಂಡ ಮೆಟ್ಟಿಲ ತುದಿಯಲ್ಲೇ ಅವಳನ್ನು ಬಾಚಿ ಹಿಡಿದೆ.

"ನಾನಲ್ಲಮ್ಮ, ಬೂಟೇ ಕರ್ಕೊಂಡ್ ಬಂತು," ಅಂದಳು.

"ಇದು ನನ್ನ ಮಾತು ಕೇಳಲ್ಲ ಕಣೇ," ಅಂತ ಬದುಕಿದ್ದಾಗ ನೀನು ಈ ಬೂಟಿನ ಬಗ್ಗೆ ಅಂದಾಗ, "ನೀನ್ ಯಾರ ಮಾತು ಕೇಳಿದೀಯ ಹೇಳು," ಅಂತ ನಕ್ಕಿದ್ದೆ.

ಬೆಳಿಗ್ಗೆ ಕಂಪನಿಯವರು ಅದರ ನೆನಪು ಅಳಿಸಿ ಒಯ್ಯುತ್ತಾರೆ, ಇನ್ಯಾರದೋ ಅಪ್ಪನ ಕಾಲಿಗಂತೆ. ನೀನು ಜಾರಿದ್ದೋ, ಅದು ಎಳೆದದ್ದೋ? ಅಷ್ಟು ಹೇಳೋಕಾದರೂ, ಎಲ್ಲಿದ್ದರೂ ಸರಿ, ಬೆಳಗಾಗುವುದರೊಳಗೆ ಒಂದೇ ಒಂದು ಫೋನ್ ಮಾಡಪ್ಪ.